ಬಾಗಿದ ಮರದ ಬಳಿಯ ಪ್ರಾಣಿ

ನಮ್ಮ ಕಚೇರಿಯ ಬೋರ್ಡು ಕಚೇರಿಯ ಬಾಗಿಲಿಗಿಂತ ಅಗಲವಾಗಿದೆ. ‘ಜಿಲ್ಲಾ ಪರಿಸರ ಗುಣಮಟ್ಟ ಹಾಗೂ ವನ್ಯಜೀವಿ ಆರೋಗ್ಯ ನಿಗಾ ಘಟಕ’ ಎಂದು ಅದರ ಮೇಲೆ ಬರೆದಿದೆ. ಪೂರ್ತಿ ಓದಿ ಮುಗಿಸುವಷ್ಟರಲ್ಲಿ ಬಂದವರಿಗೆ ತಾವು ಬಂದ ಕೆಲಸವೇ ಮರೆತುಹೋಗಿ ವಾಪಸು ಹೊರಟುಬಿಡುತ್ತಾರೆ. ಹಾಗಾಗಿ ನಮ್ಮಲ್ಲಿ ಜನರ ಗಲಾಟೆ ಕಡಿಮೆ. ಕೆರೆಯ ನೀರು, ಊರಿನ ಗಾಳಿ, ಸತ್ತ ಹಕ್ಕಿ, ಸಾಯದೆ ಉಳಿದ ಕಪ್ಪೆ, ಇವಿಷ್ಟೂ ಹೇಗಿವೆ ಎಂದು ನೋಡಿ ಮೇಲಿನವರಿಗೆ ವರದಿ ಕಳಿಸುವುದು ನಮ್ಮ ಕೆಲಸ. ನಾನು ಅಲ್ಲಿ ಟೈಪಿಸ್ಟು.

ಈ ಕಥೆ ನನ್ನದಲ್ಲ, ಸರಿಸಾರ್‌ನದು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ; ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ. ಎರಡನೇ ಸಲ ಕೇಳುವುದು ಗಂಡಸಿಗೆ ಅವಮಾನ ಎಂದು ಬಲವಾಗಿ ನಂಬಿದವನು ಅವನು. ಹೇಳಿದ್ದು ಕೇಳಿಸಲಿ ಬಿಡಲಿ, ಅರ್ಥವಾಗಲಿ ಬಿಡಲಿ, “ಸರಿ ಸಾರ್” ಎಂದು ತಲೆಯಾಡಿಸಿ ಹೊರಟುಬಿಡುತ್ತಿದ್ದ. ಹಳೆಯ ಸಾಹೇಬರು ವರ್ಗವಾಗಿ ಅವರ ಜಾಗಕ್ಕೆ ಮೇಡಂ ಬಂದರೂ ಅವನ ಬಾಯಲ್ಲಿ ‘ಸಾರ್’ ಬದಲಾಗಲಿಲ್ಲ. ಒಮ್ಮೆ ಕೊಳದ ನೀರು ತನ್ನಿ ಎಂದರೆ ಕೊಳಾಯಿ ನೀರು ತುಂಬಿಸಿಕೊಂಡು ಬಂದಿದ್ದ. ಆ ತಿಂಗಳು ನಮ್ಮ ಜಿಲ್ಲೆಯ ಕೊಳದ ನೀರು ಕುಡಿಯಲು ಯೋಗ್ಯವಾಗಿದೆ ಎಂದು ವರದಿ ಹೋಯಿತು. ಮೇಲಿನಿಂದ ಮೇಡಂಗೆ ಅಭಿನಂದನೆ ಬಂತು. ಕೊಳವನ್ನು ಕಣ್ಣಾರೆ ಕಂಡಿದ್ದ ನಮಗೆ ಮಾತ್ರ ಒಂದು ವಾರ ನಿದ್ದೆ ಬರಲಿಲ್ಲ, ಯಾರಾದರೂ ನಿಜವಾಗಿ ಕುಡಿದುಬಿಟ್ಟರೆ ಎಂದು.

ಹೀಗಿರುವಾಗ ಕಚೇರಿಗೆ ಒಂದು ಹಸಿರು ಡಬ್ಬ ಬಂತು. ಟಿಫನ್ ಡಬ್ಬದಷ್ಟು ದೊಡ್ಡದು. ಕಾಡು ಕೆರೆಗಳ ಹತ್ತಿರ ಮರಕ್ಕೆ ಕಟ್ಟಿಬಿಟ್ಟರೆ ರಾತ್ರಿಯಿಡೀ ಅಲ್ಲಿನ ಸದ್ದನ್ನೆಲ್ಲ ತುಂಬಿಕೊಳ್ಳುತ್ತದೆ. ವಾರಕ್ಕೊಮ್ಮೆ ಅದರೊಳಗಿನ ಕಾರ್ಡು ತೆಗೆದು ತಂದರೆ ಯಾವ ಪ್ರಾಣಿ ಇದೆ, ಯಾವುದು ಹೋಗಿದೆ, ಯಾವುದಕ್ಕೆ ಕಾಯಿಲೆ ಎಂಬುದನ್ನು ಕೂತಲ್ಲೇ ಕೇಳಿ ತಿಳಿಯಬಹುದು. ಮೇಡಂ ಸರಿಸಾರ್‌ನನ್ನು ಕರೆದರು. ಅದೇ ಹೊತ್ತಿಗೆ ಅವರ ಮನೆಗೆ ಬಣ್ಣ ಹೊಡೆಯುವವನ ಫೋನು ಬಂದಿತ್ತು. ಒಂದು ಕಿವಿಗೆ ಫೋನು ಒತ್ತಿಕೊಂಡೇ ಅವರು ಮಾತಾಡಿದರು.

“ನೋಡಿ, ಈ ಡಬ್ಬಾನ ಕೆರೆ ಹತ್ರ... ಹಲೋ, ಇಲ್ಲಪ್ಪ, ಮನೆ ಹಿಂದಿನ ಗೋಡೆ ಆಮೇಲೆ... ಹಾಂ, ಮನೆ ಹಿಂದಿಂದು... ರೀ, ಬಾಗಿದ ಮರ ಇದ್ಯಲ್ಲ, ಅದಕ್ಕೆ ಕಟ್ಟಿ. ಮುಖ ನೀರಿನ ಕಡೆ ಇರ್ಲಿ. ಗೊತ್ತಾಯ್ತಾ?”

“ಸರಿ ಸಾರ್,” ಎಂದ ಸರಿಸಾರ್.

ಅವನ ಮನೆಯ ಹಿಂದೆ ನಿಜವಾಗಿಯೂ ಒಂದು ಬಾಗಿದ ಮರವಿತ್ತು. ಕೆರೆಯ ಹತ್ತಿರವೂ ಇತ್ತು. ಆದರೆ ಅವನ ಕಿವಿಗೆ ನೆಟ್ಟಗೆ ಬಿದ್ದದ್ದು ‘ಮನೆ ಹಿಂದಿನ ಬಾಗಿದ ಮರ’. ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಅದು ಬರುವ ಹೊತ್ತಿಗೆ ಹೆಮ್ಮೆ ಆಗಲೇ ಬಂದು ಕೂತಿದ್ದರಿಂದ ಅನುಮಾನಕ್ಕೆ ಜಾಗ ಸಿಗಲಿಲ್ಲ.

“ನಮ್ಮ ಮರ ಮೇಡಂಗೆ ಹೇಗ್ರೀ ಗೊತ್ತಾಯ್ತು?” ಎಂದು ಹೆಂಡತಿ ಕೇಳಿದಳು.

“ಸ್ಯಾಟಲೈಟ್ ಇರತ್ತೆ ಕಣೇ. ಮೇಲಿಂದ ಎಲ್ಲಾ ಕಾಣತ್ತೆ.”

“ಅಯ್ಯೋ, ಹಾಗಾದ್ರೆ ಬಟ್ಟೆ ಒಣಗಿಸೋ ಹಗ್ಗಾನೂ ಕಂಡಿರತ್ತೆ!” ಎಂದು ಅವಳು ಓಡಿಹೋಗಿ ಹರಿದ ಟವೆಲ್ಲುಗಳನ್ನೆಲ್ಲ ಒಳಗೆ ತಂದಳು.

ಮುಖ ನೀರಿನ ಕಡೆ ಇರಲಿ ಎಂದಿದ್ದರಲ್ಲ. ಹಿತ್ತಿಲಿನಲ್ಲಿದ್ದ ನೀರೆಂದರೆ ಹಿಂದಿನ ಕೋಣೆಯ ಸೂರಿನ ಮೇಲಿದ್ದ ಟ್ಯಾಂಕು. ಸರಿಸಾರ್ ಡಬ್ಬದ ಮುಖವನ್ನು ಅದರ ಕಡೆಗೆ ತಿರುಗಿಸಿ ಬಿಗಿಯಾಗಿ ಕಟ್ಟಿದ. ಟ್ಯಾಂಕಿನ ಕೆಳಗಿನ ಕೋಣೆಯ ಕಿಟಕಿಯಿಂದ ಅವನ ಮಾವ ಇಣುಕಿ ನೋಡಿದರು. ಮರದ ಮಿಲ್ಲಿನಲ್ಲಿ ಗರಗಸದ ಯಂತ್ರ ನಡೆಸಿ ನಿವೃತ್ತರಾದವರು ಅವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಯಂತ್ರವನ್ನು ಮಿಲ್ಲಿಗೇ ಒಪ್ಪಿಸಿ ಬಂದರೂ ಅದರ ಸದ್ದನ್ನು ಜೊತೆಗೆ ತಂದಿದ್ದಾರೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅವರ ಗೊರಕೆಗೆ ಹೆದರಿಯೇ ಅವರಿಗೆ ಹಿಂದಿನ ಕೋಣೆ ಕೊಟ್ಟದ್ದು. ಅಷ್ಟಾದರೂ ಮನೆಯವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡೇ ಮಲಗುತ್ತಿದ್ದರು.

“ಏನದು ಡಬ್ಬ, ಅಳಿಯಂದ್ರೇ?” ಎಂದರು. ಅಳಿಯನಿಗೆ ಅವರು ಕೊಡುತ್ತಿದ್ದ ಈ ಬಹುವಚನದಲ್ಲಿ ಗೌರವ ಅಷ್ಟೇನೂ ಇರುತ್ತಿರಲಿಲ್ಲ.

“ಪ್ರಾಣಿಗಳ ಆರೋಗ್ಯ ನೋಡೋ ಯಂತ್ರ, ಮಾವ.”

“ಈ ಬೀದೀಲಿ ಯಾವ ಪ್ರಾಣಿ ಇದೆ?”

“ಅದನ್ನ ಸರ್ಕಾರ ಕಂಡುಹಿಡಿಯತ್ತೆ.”

“ಒಳ್ಳೇ ಸರ್ಕಾರ, ಒಳ್ಳೇ ಅಳಿಯಂದ್ರು,” ಎಂದು ಮಾವ ಕೂತಲ್ಲೇ ತೂಕಡಿಸತೊಡಗಿದರು.

ನಮ್ಮ ಘಟಕಕ್ಕೆ ಆಗ ಹೊಸದಾಗಿ ಒಬ್ಬ ಪಶುವೈದ್ಯರು ಬಂದಿದ್ದರು. ಕಾಡಿನಲ್ಲಿ ಬಹಳ ಕಾಲ ಇದ್ದು ಬಂದವರು. ಮನುಷ್ಯರ ಜೊತೆ ಮಾತು ಕಡಿಮೆ. ಆದರೆ ಗಾಯವಾದ ಗೂಬೆಯನ್ನು “ಬಾರಮ್ಮ, ಏನಾಯ್ತಮ್ಮ” ಎಂದು ಮಾತಾಡಿಸುವುದನ್ನು ನಾನೇ ಕೇಳಿದ್ದೇನೆ. ಮೊದಲ ಕಾರ್ಡು ಬಂದ ದಿನ ಅವರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತವರು ಊಟಕ್ಕೂ ಏಳಲಿಲ್ಲ. ಆಮೇಲೆ ಬಾಗಿಲು ತೆರೆದು ಹೊರಗೆ ಬಂದು, “ಮೇಡಂ, ಬನ್ನಿ. ಎಲ್ರೂ ಬನ್ನಿ,” ಎಂದರು.

ಸ್ಪೀಕರಿನಲ್ಲಿ ಹಾಕಿ ಕೇಳಿಸಿದರು. ಮೊದಲು ಯಾರೋ ದೂರದಲ್ಲಿ ದಿಮ್ಮಿ ಎಳೆದಂತೆ ಕೇಳಿತು. ಆಮೇಲೆ ದಿಬ್ಬ ಹತ್ತುವ ಲಾರಿಯಂತೆ. ಟ್ಯಾಂಕಿನ ಟೊಳ್ಳಿಗೆ ಬಡಿದು ಬಂದದ್ದರಿಂದಲೋ ಏನೋ, ಗುಹೆಯೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತಿತ್ತು. ಏರಿ ಏರಿ ಹೋದ ಸದ್ದು ಥಟ್ಟನೆ ನಿಂತಿತು. ಏನೂ ಇಲ್ಲ. ನಾವೆಲ್ಲ ನಮಗೇ ಗೊತ್ತಿಲ್ಲದೆ ಉಸಿರು ಬಿಗಿಹಿಡಿದೆವು. ಮೇಡಂ ನನ್ನ ತೋಳು ಹಿಡಿದುಕೊಂಡರು. ಇನ್ನು ಆಗದು ಎನ್ನುವಾಗ, ನೀರಿನಲ್ಲಿ ಮುಳುಗಿದವರು ಮೇಲೆ ಬಂದಂತೆ “ಹ್ಹಾ!” ಎಂದು ಒಂದು ಸದ್ದು; ಮತ್ತೆ ದಿಮ್ಮಿ ಎಳೆಯುವುದು ಶುರು.

“ದೊಡ್ಡ ಪ್ರಾಣಿ,” ಎಂದರು ಡಾಕ್ಟರು. “ಗಂಡು ಅನ್ಸತ್ತೆ. ವಯಸ್ಸಾಗಿದೆ. ನಿದ್ದೇಲಿ ಗಂಟಲು ಕಟ್ಟಿ ಉಸಿರೇ ನಿಂತುಹೋಗ್ತಿದೆ, ನೋಡಿ. ನಿಂತಾಗೆಲ್ಲ ಹೃದಯಕ್ಕೆ ಏಟು. ಹೀಗೇ ಬಿಟ್ರೆ ಒಂದಿನ ನಿಂತಿದ್ದು ಮತ್ತೆ ಶುರುವಾಗಲ್ಲ.”

“ಯಾವ ಪ್ರಾಣಿ?”

“ಅದೇ ಗೊತ್ತಾಗ್ತಿಲ್ಲ. ಕಾಡುಹಂದಿ ಇಷ್ಟು ಹೊತ್ತು ಒಂದೇ ಮಗ್ಗುಲಲ್ಲಿ ಮಲಗಲ್ಲ. ಕರಡಿ ಅಂದ್ರೆ ನಮ್ಮ ಕೆರೆಗೆ ಎಲ್ಲಿಂದ ಬಂತು? ಪಾಪ, ಜೊತೆಗೆ ಯಾರೂ ಇಲ್ಲ ಅನ್ಸತ್ತೆ.” ಆಮೇಲೆ ಸರಿಸಾರ್ ಕಡೆ ತಿರುಗಿದರು. “ಡಬ್ಬ ಕಟ್ಟಿದ್ದು ನೀವೇ ಅಲ್ವಾ? ಮರದ ಹತ್ರ ಹೆಜ್ಜೆ ಗುರುತು, ಲದ್ದಿ, ಏನಾದ್ರೂ ಕಂಡ್ರಾ?”

ಸರಿಸಾರ್‌ನ ಮುಖ ಸುಣ್ಣದಂತಾಗಿತ್ತು. ಡಬ್ಬ ಇರುವುದು ಎಲ್ಲಿ ಎಂದು ಅವನಿಗೊಬ್ಬನಿಗೆ ತಾನೆ ಗೊತ್ತು! ನಾವೆಲ್ಲ ಆ ಪ್ರಾಣಿಯನ್ನು ಕೆರೆಯ ಪೊದೆಯಲ್ಲಿ ಕಲ್ಪಿಸಿಕೊಳ್ಳುತ್ತಿದ್ದರೆ, ಅವನು ತನ್ನ ಹಿತ್ತಿಲಿನಲ್ಲಿ, ಬಟ್ಟೆ ಹಗ್ಗದ ಕೆಳಗೆ ಕಲ್ಪಿಸಿಕೊಂಡ. ಅವನ ಬಾಯಿಂದ ಬಂದದ್ದು ಒಂದೇ ಮಾತು: “ಸರಿ ಸಾರ್.”

ಮನೆಗೆ ಹೋದವನೇ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಮೇಜು ಒತ್ತರಿಸಿ, ಮೇಜಿನ ಮೇಲೆ ಹೊಲಿಗೆ ಯಂತ್ರವನ್ನು ಇಟ್ಟು, ಹಿತ್ತಿಲಿಗೆ ರಾತ್ರಿ ದೊಡ್ಡ ಪ್ರಾಣಿಯೊಂದು ಬರುತ್ತಿದೆ ಎಂದ.

“ರೀ, ಅಪ್ಪ ಹಿಂದಿನ ಕೋಣೇಲಿ ಕಿಟಕಿ ತೆಗೆದು ಮಲಗ್ತಾರೆ!” ಎಂದು ಹೆಂಡತಿ ಎದೆ ಹಿಡಿದುಕೊಂಡಳು.

“ಬಂದ್ರೆ ಬರಲಿ ಬಿಡಮ್ಮ,” ಎಂದರು ಮಾವ. “ಈ ಮನೇಲಿ ನನ್ನನ್ನ ಮಾತಾಡಿಸೋಕೆ ಒಂದು ಪ್ರಾಣಿನಾದ್ರೂ ಬರಲಿ.”

ಅವರ ಮಾತು ನಡೆಯಲಿಲ್ಲ. ಮಂಚ ನಡುಮನೆಗೆ ಬಂತು. ಅಲ್ಲಿಂದ ಮುಂದೆ ಮನೆಯವರಿಗೆ ಹತ್ತಿ ಸಾಲಲಿಲ್ಲ. ಗೂಡಿನಲ್ಲಿದ್ದ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸರಿಸಾರ್ ಕಚೇರಿಯಲ್ಲಿ ನೀರಿನ ಬಾಟಲಿಗೆ ಚೀಟಿ ಅಂಟಿಸುತ್ತ ಅಂಟಿಸುತ್ತಲೇ ನಿದ್ದೆಹೋಗಿ, ಚೀಟಿಯನ್ನು ತನ್ನ ಕೆನ್ನೆಗೇ ಅಂಟಿಸಿಕೊಂಡದ್ದನ್ನು ನಾನು ನೋಡಿದೆ. ಅದರ ಮೇಲೆ ‘ಮಲಿನ’ ಎಂದು ಬರೆದಿತ್ತು.

ಮುಂದಿನ ವಾರ ಸರಿಸಾರ್ ಹಾಡಹಗಲಿನಲ್ಲಿ ಹಿತ್ತಿಲಿಗೆ ಓಡಿಹೋಗಿ ತೆಗೆದು ತಂದ ಕಾರ್ಡಿನಲ್ಲಿ ಸದ್ದೇ ಇಲ್ಲ. ಬರೀ ಜೀರುಂಡೆ. ಡಾಕ್ಟರು ಹೆಡ್‌ಫೋನು ತೆಗೆದಿಟ್ಟರು.

“ಹೋಯ್ತು ಅನ್ಸತ್ತೆ, ಮೇಡಂ. ತಡ ಮಾಡಿದ್ವಿ.”

ಮೇಡಂ ಕಣ್ಣೊರೆಸಿಕೊಂಡರು. ಕೊನೆಯ ಪಕ್ಷ ದೇಹವಾದರೂ ಸಿಗಲಿ ಎಂದು ದೋಣಿ ತರಿಸಿ ಕೆರೆಯನ್ನೆಲ್ಲ ಜಾಲಾಡಿದೆವು. ಒಂದು ಮುರಿದ ಕುರ್ಚಿ, ಒಂಟಿ ಬೂಟು, ಹಿಂದಿನ ಚುನಾವಣೆಯ ಬ್ಯಾನರು ಸಿಕ್ಕವು. ಎಲ್ಲರ ಕಣ್ಣೂ ನೀರಿನ ಮೇಲೇ ಇದ್ದದ್ದರಿಂದ ಬಾಗಿದ ಮರದ ಕಡೆ ಯಾರೂ ತಲೆಯೆತ್ತಿ ನೋಡಲಿಲ್ಲ. ಡಾಕ್ಟರು ಕೆರೆಯ ದಡದಲ್ಲಿ ಟೋಪಿ ತೆಗೆದು ನಿಂತರು. ನಾವೂ ನಿಂತೆವು. ಸರಿಸಾರ್ ಮಾತ್ರ ಒಳಗೊಳಗೇ ಅರಳಿದ್ದ. ಪ್ರಾಣಿ ಸತ್ತ ಮೇಲೆ ಇನ್ನೇನು ಭಯ? ಅಂದೇ ಮೇಜು ಸರಿಸಿ, ಅಗುಳಿ ತೆಗೆದು, ಮಾವನ ಮಂಚವನ್ನು ಹಿಂದಿನ ಕೋಣೆಗೆ ಸಾಗಿಸಿದ.

ಅದರ ಮುಂದಿನ ಕಾರ್ಡು ಕೇಳುತ್ತಿದ್ದ ಡಾಕ್ಟರು ಕುರ್ಚಿಯಿಂದ ಜಿಗಿದು ಬಂದು ಎದುರಿಗೆ ಸಿಕ್ಕ ನನ್ನನ್ನು ತಬ್ಬಿಕೊಂಡರು. “ಬದುಕಿದೆ! ಬದುಕಿದೆ ಕಣ್ರೀ!” ಎಲ್ಲರಿಗೂ ತಮ್ಮ ದುಡ್ಡಿನಲ್ಲೇ ಟೀ ತರಿಸಿದರು. ಒಂದು ವಾರ ಎಲ್ಲಿಗೆ ಹೋಗಿತ್ತೋ, ಕಾಯಿಲೆಗೆ ಸೊಪ್ಪು ಹುಡುಕಿಕೊಂಡು ಹೋಗಿತ್ತೋ ಏನೋ, ಆದರೆ ಉಸಿರು ನಿಲ್ಲುವುದು ಮೊದಲಿಗಿಂತ ಹೆಚ್ಚಾಗಿದೆ, ಇನ್ನು ಕಾಯುವ ಹಾಗಿಲ್ಲ ಎಂದರು. ಟೀ ಲೋಟ ಹಿಡಿದಿದ್ದ ಸರಿಸಾರ್‌ನ ಅರ್ಧ ಟೀ ಅಂಗಿಗೆ ಹೋಯಿತು.

ಅವನು ಆ ದಿನ ತನ್ನ ಭಯವನ್ನು ಪಕ್ಕದ ಮನೆಯ ಟೈಲರ್ ಹತ್ತಿರ ಹೇಳಿಕೊಂಡ. ಯಾರಿಗೂ ಹೇಳಬೇಡ ಎಂದೂ ಹೇಳಿದ. ಟೈಲರ್ ಮಾತಿಗೆ ತಪ್ಪುವವನಲ್ಲ. ಅಳತೆ ಕೊಡಲು ಬಂದವರಿಗೆ ಮಾತ್ರ ಹೇಳಿದ. ಆ ವಾರ ಬೀದಿಯಲ್ಲಿ ಬಟ್ಟೆ ಹೊಲಿಸದವರೇ ಇರಲಿಲ್ಲವೇನೋ. ಒಬ್ಬರು ಹಿತ್ತಿಲಿನಲ್ಲಿ ಕರಿಯ ನೆರಳು ಕಂಡರು. ಇನ್ನೊಬ್ಬರ ಹೂಕುಂಡ ಉರುಳಿತು. ಮತ್ತೊಬ್ಬರ ಒಂದು ಚಪ್ಪಲಿ ಕಾಣೆಯಾಯಿತು, ಅಂಥ ದೊಡ್ಡ ಪ್ರಾಣಿಗೆ ಒಂದೇ ಚಪ್ಪಲಿ ಯಾಕೆ ಬೇಕಾಯಿತು ಎಂದು ಯಾರೂ ಕೇಳಲಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಮುಂದಾಳಾಗಿ, ಬೀದಿಗೆ ಬೀದಿಯೇ ನಮ್ಮ ಕಚೇರಿಗೆ ಬಂತು. ಅಷ್ಟು ಉದ್ದದ ಬೋರ್ಡನ್ನು ಪೂರ್ತಿ ಓದಿಯೂ ಒಳಗೆ ಬಂದ ಮೊದಲ ಜನ ಅವರು.

“ನಮ್ಮ ಬೀದೀಲಿ ದೊಡ್ಡ ಪ್ರಾಣಿ ಓಡಾಡ್ತಿದೆ,” ಎಂದರು ಮೇಷ್ಟ್ರು.

ಡಾಕ್ಟರು ಎದ್ದು ನಿಂತರು. “ಉಸಿರಾಟ ಹೇಗಿದೆ?”

“ಯಾರದ್ದು?”

“ಪ್ರಾಣಿದು.”

“ಪ್ರಾಣಿದು ಹಾಗಿರ್ಲಿ ಸ್ವಾಮಿ, ಮೊದ್ಲು ನಮ್ಮ ಉಸಿರಾಟ ಹೇಗಿದೆ ಕೇಳಿ!”

ಡಾಕ್ಟರಿಗೆ ಅದು ಕೇಳಿಸಲಿಲ್ಲ. “ಮೇಡಂ, ಅದು ಕೆರೆ ಬಿಟ್ಟು ಜನರ ಹತ್ರ ಬಂದಿದೆ. ಸಹಾಯ ಕೇಳ್ಕೊಂಡು ಬಂದಿದೆ,” ಎನ್ನುವಾಗ ಅವರ ಕಣ್ಣು ತುಂಬಿತ್ತು. ಅರಿವಳಿಕೆಯ ಬಂದೂಕು, ಬಲೆ, ಇಬ್ಬರು ಬಲೆಗಾರರು, ಮೇಡಂ, ಕಂಡದ್ದನ್ನು ಬರೆದುಕೊಳ್ಳಲು ನಾನು, ಎಲ್ಲರೂ ಜೀಪು ಹತ್ತಿದೆವು. ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು. ನಮ್ಮವನೇ ಒಬ್ಬ ಆ ಬೀದಿಯಲ್ಲಿ ಇರುವಾಗ ಬೇರೆಲ್ಲಿ ಇಳಿಯುವುದು? ಜೀಪು ಸರಿಸಾರ್‌ನ ಮನೆ ಮುಂದೆಯೇ ನಿಂತಿತು.

ಅವನ ಹೆಂಡತಿ ಅಷ್ಟು ಜನರಿಗೂ ಟೀ ಮಾಡಿದಳು. ನಡುಮನೆಯಲ್ಲಿ ಡಾಕ್ಟರು ಬೀದಿಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಪ್ರಾಣಿಯ ಸದ್ದು ಎಷ್ಟು ಹೊತ್ತಿಗೆ ಕೇಳುತ್ತದೆ ಎಂದು ಟೈಲರನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡ.

“ಅದೇ ತೊಂದ್ರೆ ಡಾಕ್ಟ್ರೇ. ಪ್ರಾಣಿ ಸದ್ದು ನಮಗೆ ಕೇಳಿಸೋದೇ ಇಲ್ಲ. ಇವರ ಮಾವನ ಗೊರಕೆ ಅಡ್ಡ ಬಂದ್ಬಿಡತ್ತೆ.”

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ನಾನು ಅದನ್ನೂ ಬರೆದುಕೊಂಡೆ. ಬುದ್ಧಿವಂತರೆನಿಸಿಕೊಂಡ ಅಷ್ಟೂ ಜನ ಆ ಮಾತನ್ನು ಕೇಳಿಯೂ ಟೀ ಕುಡಿಯುತ್ತ ಕೂತಿದ್ದೆವು ಎಂಬುದನ್ನು ನೆನೆಸಿಕೊಂಡರೆ, ಸರಿಸಾರ್‌ನನ್ನು ಆಡಿಕೊಳ್ಳಲು ನನಗೆ ಈಗ ಬಾಯಿ ಬರುವುದಿಲ್ಲ.

ಆಗ ಕೇಳಿತು. ದೂರದಲ್ಲಿ ದಿಮ್ಮಿ ಎಳೆಯುವ ಸದ್ದು.

ಡಾಕ್ಟರ ಕೈಯಲ್ಲಿದ್ದ ಲೋಟ ಗಾಳಿಯಲ್ಲೇ ನಿಂತಿತು. “ಶ್!” ಎಂದರು. ಬಂದೂಕು ಎತ್ತಿಕೊಂಡು, ಬಗ್ಗಿ, ತುದಿಗಾಲಲ್ಲಿ ಹಜಾರ ದಾಟಿದರು. ಹಿಂದೆ ಬಲೆಗಾರರು. ಅವರ ಹಿಂದೆ ಕೊಡೆ ಹಿಡಿದ ಮೇಡಂ. ಮೇಡಂ ಹಿಂದೆ ನಾನು, ಮೇಷ್ಟ್ರು, ಟೈಲರ್. ಎಲ್ಲರಿಗಿಂತ ಹಿಂದೆ, ಹೆಂಡತಿಯನ್ನು ಮುಂದಿಟ್ಟುಕೊಂಡು ಸರಿಸಾರ್.

“ಡಾಕ್ಟ್ರೇ, ಅದು...” ಎಂದಳು ಹೆಂಡತಿ.

“ಮಾತಾಡ್ಬೇಡಮ್ಮ. ಹತ್ರಾನೇ ಇದೆ.”

“ಅಲ್ಲ, ಅದು ನಮ್ಮ...”

“ಗೊತ್ತಮ್ಮ, ನಿಮ್ಮ ಮನೆ ಒಳಗೇ ಬಂದುಬಿಟ್ಟಿದೆ. ಗಾಬರಿ ಆಗ್ಬೇಡಿ. ಅದು ಏನೂ ಮಾಡಲ್ಲ, ಅದಕ್ಕೇ ಹುಷಾರಿಲ್ಲ.”

ಹಿಂದಿನ ಕೋಣೆಯ ಬಾಗಿಲು ತಳ್ಳಿದರು. ಬಲೆಗಾರರು ಬಹಳ ಚುರುಕಾದವರು. ಬಾಗಿಲು ತೆರೆದ ಕ್ಷಣವೇ ಬಲೆ ಹಾರಿಸುವುದು ಅವರಿಗೆ ಅಭ್ಯಾಸ. ಬಲೆ ಅಂದವಾಗಿ ಬಿಚ್ಚಿಕೊಂಡು ಮಂಚದ ಮೇಲೆ ಬಿತ್ತು. ಅದರ ಕೆಳಗೆ ಬನಿಯನ್ ಹಾಕಿಕೊಂಡು, ಬಾಯಿ ತೆರೆದುಕೊಂಡು, ಸರಿಸಾರ್‌ನ ಮಾವ ಮಲಗಿದ್ದರು. ಎಚ್ಚರವೂ ಆಗಲಿಲ್ಲ. ದಿಮ್ಮಿ ಎಳೆಯುತ್ತಲೇ ಇದ್ದರು.

ಮೊದಲು ನಕ್ಕವನು ಟೈಲರ್. ಆಮೇಲೆ ಮೇಷ್ಟ್ರು ಗೋಡೆ ಹಿಡಿದುಕೊಂಡು ನಕ್ಕರು. ಮೇಡಂ ನಗು ತಡೆಯಲಾರದೆ ಕೊಡೆ ಬಿಚ್ಚಿಕೊಂಡು ಅದರ ಹಿಂದೆ ಅಡಗಿದರು. ಬಲೆಗಾರರು ನೆಲಕ್ಕೆ ಕುಸಿದು ಕೂತರು. ಸರಿಸಾರ್ ಎಲ್ಲರ ಮುಖವನ್ನೂ ನೋಡಿ, ಏನೆಂದು ತಿಳಿಯದಿದ್ದರೂ, ಜೊತೆಗಿರಲಿ ಎಂದು ನಕ್ಕ.

ನಗದೆ ಇದ್ದವರು ಡಾಕ್ಟರೊಬ್ಬರೇ. ಅವರು ಬಂದೂಕನ್ನು ನೆಲಕ್ಕಿಟ್ಟು ಮಂಚದ ಪಕ್ಕ ಮಂಡಿಯೂರಿದರು. ಅದೇ ಹೊತ್ತಿಗೆ ಏರುತ್ತಿದ್ದ ಗೊರಕೆ ಥಟ್ಟನೆ ನಿಂತಿತು.

ನಮ್ಮ ನಗು ಒಂದೊಂದಾಗಿ ನಿಂತಿತು. ಆದರೂ ಉಸಿರು ಬರಲಿಲ್ಲ. ಮುದುಕರ ತುಟಿ ನೀಲಿಗೆ ತಿರುಗುತ್ತಿದ್ದುದನ್ನು ಅಂದು ನಾವೆಲ್ಲ ನಮ್ಮ ಕಣ್ಣಿನಿಂದ ಕಂಡೆವು. “ಅಪ್ಪಾ...” ಎಂದು ಮಗಳು ಸಣ್ಣಗೆ ಕೂಗಿದಳು. ಡಾಕ್ಟರು ಬಲೆಯ ಮೇಲಿನಿಂದಲೇ ಅವರ ಭುಜ ಹಿಡಿದು ಜೋರಾಗಿ ಅಲುಗಾಡಿಸಿದರು.

“ಹ್ಹಾ!” ಎಂದು ಉಸಿರು ಬಂತು. ಮಾವ ಕಣ್ಣು ಬಿಟ್ಟರು. ಮೈಮೇಲೆ ಬಲೆ, ಪಕ್ಕದಲ್ಲಿ ಬಂದೂಕು, ಮನೆ ತುಂಬ ಜನ, ಅಳುತ್ತಿರುವ ಮಗಳು.

“ಅಳಿಯಂದ್ರೇ,” ಎಂದರು ಮೆಲ್ಲಗೆ, “ನಾನು ಹೋದ್ನಾ?”

“ಇಲ್ಲ ಮಾವ, ಇದ್ದೀರಿ.”

“ಮತ್ತೆ ಇಷ್ಟು ಜನ ಯಾಕೆ ಬಂದಿದಾರೆ?”

ಡಾಕ್ಟರು ಬಲೆ ಸರಿಸುತ್ತ, ಗೂಬೆಯನ್ನು ಮಾತಾಡಿಸುವಷ್ಟೇ ಮೃದುವಾಗಿ ಕೇಳಿದರು. “ಯಜಮಾನ್ರೇ, ಬೆಳಿಗ್ಗೆ ಏಳುವಾಗ ತಲೆನೋವು ಇರತ್ತಾ?”

“ಇರತ್ತೆ.”

“ಹಗಲಲ್ಲಿ ಕೂತಲ್ಲೇ ನಿದ್ದೆ ಬರತ್ತಾ?”

“ವಯಸ್ಸಾಯ್ತಲ್ಲಪ್ಪ.”

“ಇದು ವಯಸ್ಸಲ್ಲ. ಏಳಿ, ಹೋಗೋಣ.”

ಜಿಂಕೆ ಸಾಗಿಸುವ ಜೀಪಿನಲ್ಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ಬಾಗಿಲಲ್ಲಿ ನರ್ಸು, ಯಾರು ಕಳಿಸಿದ್ದು ಎಂದು ಕೇಳಿದಳು. “ವನ್ಯಜೀವಿ ವಿಭಾಗ,” ಎಂದರು ನಮ್ಮ ಡಾಕ್ಟರು. ಅವಳು ಮಾವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಹಾಸಿಗೆ ತೋರಿಸಿದಳು. ಅಲ್ಲಿನ ಹೃದಯದ ವೈದ್ಯರು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದಾಗ ನಮ್ಮ ಡಾಕ್ಟರು ತಾವು ಅಷ್ಟು ವಾರ ಕೇಳಿದ್ದನ್ನೆಲ್ಲ, ಉಸಿರು ನಿಂತ ಕಡೆಯೆಲ್ಲ ಕೆಂಪು ಗೆರೆ ಎಳೆದಿದ್ದ ಗ್ರಾಫುಗಳ ಸಮೇತ ಅವರ ಮುಂದೆ ಹರಡಿದರು. ಆ ವೈದ್ಯರು ಕನ್ನಡಕ ತೆಗೆದರು.

“ಮನುಷ್ಯರನ್ನ ಇಷ್ಟು ಗಮನ ಇಟ್ಟು ಯಾರೂ ನೋಡಿದ್ದು ನಾನು ಕಂಡಿಲ್ಲ, ಡಾಕ್ಟ್ರೇ.”

“ನಾನು ಮನುಷ್ಯರು ಅಂದ್ಕೊಂಡು ನೋಡ್ಲಿಲ್ಲ,” ಎಂದು ನಮ್ಮವರು ನಿಜ ಹೇಳಿದರು.

ಮಾವನ ಎದೆಬಡಿತ ಆಗಲೇ ತಾಳ ತಪ್ಪತೊಡಗಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಒಂದು ದಿನ ನಿದ್ದೆಯಿಂದ ಏಳುತ್ತಲೇ ಇರಲಿಲ್ಲ ಎಂದರು ವೈದ್ಯರು. ಮಾತ್ರೆ ಕೊಟ್ಟರು, ಮಲಗುವಾಗ ಮೂಗಿಗೆ ಹಾಕಿಕೊಳ್ಳಲು, ಗಾಳಿ ಒತ್ತುವ ಒಂದು ಸಣ್ಣ ಯಂತ್ರ ಕೊಟ್ಟರು. ಮಾವ ಮನೆಗೆ ಬಂದು ಆ ಯಂತ್ರ ಹಾಕಿಕೊಂಡು ಮಲಗಿದ ಮೊದಲ ಸಲ ಬೀದಿಯವರೆಲ್ಲ ಗಾಬರಿಯಾಗಿ, ಬೆಳಗಾಗುತ್ತಿದ್ದ ಹಾಗೇ ಬಾಗಿಲಿಗೆ ಬಂದರು. ಏನೂ ಸದ್ದಿಲ್ಲವಲ್ಲ, ಯಜಮಾನರು ಹೇಗಿದ್ದಾರೆ ಎಂದು. ಅವರು ಆಗಲೇ ಎದ್ದು ಹಿತ್ತಿಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಟೈಲರ್ ತಾನಾಗಿಯೇ ಅವರಿಗೊಂದು ಅಂಗಿ ಹೊಲಿದುಕೊಟ್ಟ. ಮೇಷ್ಟ್ರು ದಿನಾ ಸಂಜೆ ಬಂದು ಹರಟೆ ಹೊಡೆಯತೊಡಗಿದರು. ಮಾತಾಡಿಸಲು ಪ್ರಾಣಿಯೇ ಬರಬೇಕಾದ ಸ್ಥಿತಿ ಅವರಿಗೆ ಮತ್ತೆ ಬರಲಿಲ್ಲ.

ಇತ್ತ ಕಚೇರಿಯಲ್ಲಿ ಮೇಡಂ ಸರಿಸಾರ್‌ನನ್ನು ಕರೆದು ನಿಲ್ಲಿಸಿಕೊಂಡರು.

“ಕೆರೆ ಹತ್ರ ಅಂದ್ನಲ್ರೀ! ಕೆರೆ ಹತ್ರ!”

“ಸರಿ ಸಾರ್.”

“ಏನ್ರೀ ಸರಿ?” ಎಂದು ಅವರು ನನ್ನ ಕಡೆ ತಿರುಗಿ, ಅವನಿಗೆ ಕೊಡಬೇಕಾದ ಮೆಮೊ ಹೇಳತೊಡಗಿದರು. ನಾನು ‘ಕರ್ತವ್ಯದಲ್ಲಿ ಘೋರ ನಿರ್ಲಕ್ಷ್ಯ’ ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಮೇಡಂ ಅವರ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟಳು. “ನಮ್ಮಪ್ಪನ್ನ ಉಳಿಸಿಕೊಟ್ರಿ, ಮೇಡಂ. ನಮ್ಮ ಮನೆ ಮರ ಅಂತ ನೀವು ಹುಡುಕಿ ಹೇಳಿದ್ದಕ್ಕೇ ಉಳಿದ್ರು.”

ಮೇಡಂ ಅವಳನ್ನು ನೋಡಿದರು. ಸರಿಸಾರ್‌ನನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿ, “ಆ ಹಾಳೆ ಹರಿದುಹಾಕಿ,” ಎಂದರು.

ಮೇಲಿನವರಿಗೆ ಏನು ಬರೆಯುವುದು ಎಂಬುದು ದೊಡ್ಡ ಸಮಸ್ಯೆಯಾಯಿತು. ಅಪರೂಪದ ಪ್ರಾಣಿಯ ಸುದ್ದಿ ಆಗಲೇ ಅಲ್ಲಿಗೆ ತಲುಪಿತ್ತು. ಬಹಳ ಯೋಚಿಸಿ, ಸುಳ್ಳು ಒಂದಕ್ಷರವೂ ಬಾರದಂತೆ ನಾವು ಹೀಗೆ ಬರೆದೆವು: ‘ಸದರಿ ಪ್ರಾಣಿಯು ಪತ್ತೆಯಾಗಿದೆ. ಸೂಕ್ತ ಚಿಕಿತ್ಸೆ ನೀಡಿ ಸಂಬಂಧಿಕರ ವಶಕ್ಕೆ ಒಪ್ಪಿಸಲಾಗಿದೆ.’ ಪ್ರಾಣಿಯನ್ನು ಅದರ ಹಿಂಡಿನೊಂದಿಗೆ ಮತ್ತೆ ಸೇರಿಸಿದ ನಮ್ಮ ಕಳಕಳಿಯನ್ನು ಮೆಚ್ಚಿ ಉತ್ತರ ಬಂತು.

ಮೇಡಂ ಹಸಿರು ಡಬ್ಬವನ್ನು ಮತ್ತೆ ಸರಿಸಾರ್ ಕೈಗೆ ಕೊಟ್ಟು ಎಲ್ಲಿ ಕಟ್ಟಬೇಕೆಂದು ಹೇಳಿದರು. ಅವನು ಬಾಗಿಲವರೆಗೆ ಹೋದವನು ನಿಂತ. ತಿರುಗಿ ಬಂದ. ಕಿವಿ ಕೆಂಪಾಗಿತ್ತು.

“ಮೇಡಂ, ಇನ್ನೊಂದ್ಸಲ ಹೇಳ್ತೀರಾ? ಯಾವ ಮರ?”

ಮೇಡಂ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟು, ನಿಧಾನವಾಗಿ, ಕಾಗದದ ಮೇಲೆ ಕೆರೆಯ ಚಿತ್ರ ಬರೆದು ತೋರಿಸಿದರು. ಈ ಸಲದ ಕಾರ್ಡಿನಲ್ಲಿ ಕಪ್ಪೆಗಳು, ನೀರುಕೋಳಿಗಳು, ಒಂದು ಮುಂಗುಸಿ ಕುಟುಂಬ, ಎಲ್ಲವೂ ಚೆನ್ನಾಗಿದ್ದವು.

ಸ್ವಲ್ಪ ದಿನ ಕಳೆದು ಮಾವ ಹೊಸ ಅಂಗಿ ತೊಟ್ಟು, ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಕಚೇರಿಗೆ ಬಂದರು. ಡಾಕ್ಟರ ಕೋಣೆಯ ಬಾಗಿಲು ತಟ್ಟಿ, “ನ್ಯಾಪಕ ಇದ್ಯಾ? ನಾನೇ ಆ ಪ್ರಾಣಿ,” ಎಂದರು. ಡಾಕ್ಟರು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ಹಣ್ಣು ಸುಲಿಯುತ್ತ ಎಲ್ಲರೂ ಸುತ್ತ ಕೂತೆವು. ಮಾವ ಹೊರಡುವ ಮುಂಚೆ ಒಂದು ಮಾತು ಕೇಳಿದರು.

“ಅದನ್ನ ಒಂದ್ಸಲ ಕೇಳಿಸ್ತೀರಾ? ಎಲ್ರೂ ಕೇಳಿದಾರೆ, ನಾನೊಬ್ಬ ಕೇಳಿಲ್ಲ.”

ಡಾಕ್ಟರು ಹಾಕಿದರು. ದಿಮ್ಮಿ ಎಳೆಯುವ ಸದ್ದಿಗೆ ಮಾವ ನಾಚಿಕೆಯಿಂದ ತಲೆ ಕೊಡವಿಕೊಂಡು ನಕ್ಕರು. “ಅಬ್ಬಬ್ಬಾ, ಮಿಲ್ಲಿನ ಯಂತ್ರಾನೇ ವಾಸಿ.” ಸದ್ದು ನಿಂತಿತು. ಅವರ ನಗೆ ಇನ್ನೂ ಮುಖದ ಮೇಲಿತ್ತು. ಸದ್ದು ಬರಲಿಲ್ಲ. ಅವರು ಸ್ಪೀಕರಿನ ಕಡೆ ಬಾಗಿದರು. ಇನ್ನೂ ಬರಲಿಲ್ಲ. ಕೈಯಲ್ಲಿದ್ದ ಕಿತ್ತಳೆ ತೊಳೆಯನ್ನು ಮೇಜಿನ ಮೇಲಿಟ್ಟರು. ಕೊನೆಗೆ ಆ “ಹ್ಹಾ!” ಕೇಳಿದಾಗ ಅವರೂ ಜೊತೆಗೆ ಉಸಿರೆಳೆದುಕೊಂಡರು.

“ನನ್ನ ಹೆಂಡ್ತಿ ಇದ್ದಾಗ ನನ್ನ ಭುಜ ಹಿಡಿದು ಅಲ್ಲಾಡಿಸ್ತಿದ್ಲು,” ಎಂದರು, ಯಾರ ಮುಖವನ್ನೂ ನೋಡದೆ. “ರೀ, ರೀ ಅಂತ. ಒಂದು ಸಲ ಅಲ್ಲ, ಬೆಳಗಿನ ತನಕ. ನಿದ್ದೆ ಕೆಡಿಸ್ತೀಯಲ್ಲೇ ಅಂತ ನಾನು ಬೈತಿದ್ದೆ. ಇದನ್ನ ಕೇಳ್ಕೊಂಡು ಕೂತಿರ್ತಿದ್ಲು ಅಂತ ಗೊತ್ತೇ ಆಗ್ಲಿಲ್ವಲ್ಲಪ್ಪ ನಂಗೆ. ಅವಳು ಯಾವಾಗ ಮಲಗ್ತಿದ್ಲೋ ಏನೋ.”

ಡಾಕ್ಟರು ಸ್ಪೀಕರು ಆರಿಸಿದರು. “ನಿಮ್ಮನ್ನ ಇಷ್ಟು ವರ್ಷ ಉಳಿಸಿದ್ದು ಅವರು, ಯಜಮಾನ್ರೇ. ನಾವೆಲ್ಲ ಆಮೇಲೆ ಬಂದವರು.”

ಮಾವ ಎದ್ದು ಡಾಕ್ಟರಿಗೆ ಕೈಮುಗಿದರು. ಆ ಕೈ ಡಾಕ್ಟರಿಗಷ್ಟೇ ಮುಗಿದದ್ದಲ್ಲ ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಬಾಗಿಲ ಪಕ್ಕ ನಿಂತಿದ್ದ ಸರಿಸಾರ್ ಖಾಲಿ ಚೀಲವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

ಕಚೇರಿ ಮುಗಿದ ಮೇಲೆ ನಾವು ಮೂವರೂ ಒಂದೇ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಮಾವ, ಅವರ ಪಕ್ಕ ಸರಿಸಾರ್, ಅವರ ಮುಂದಿನ ಸೀಟಿನಲ್ಲಿ ನಾನು. ಬಸ್ಸು ಊರಿನ ತಿರುವು ದಾಟುವ ಹೊತ್ತಿಗೆ ಹಿಂದಿನಿಂದ ಪರಿಚಿತವಾದ ಸದ್ದು ಮೆಲ್ಲಗೆ ಶುರುವಾಯಿತು. ನಾನು ತಿರುಗಿ ನೋಡಿದೆ. ಮಾವನ ತಲೆ ಅಳಿಯನ ಹೆಗಲಿಗೆ ಒರಗಿತ್ತು. ಸದ್ದು ಏರಿತು, ನಿಂತಿತು. ಸರಿಸಾರ್ ಅವರ ಭುಜದ ಮೇಲೆ ಕೈಯಿಟ್ಟು ಮೆತ್ತಗೆ ಅಲುಗಾಡಿಸಿದ.

“ಮಾವ. ಮಾವ.”

ಹಿಂದಿನ ಸೀಟಿನ ಹೆಂಗಸಿಗೆ ಕೋಪ ಬಂತು. “ಯಾಕ್ರೀ ಪಾಪ, ವಯಸ್ಸಾದೋರನ್ನ ಹೀಗೆ ಕಾಡ್ತೀರಾ? ಮಲಗಲಿ ಬಿಡಿ!”

ಮಾವ ಕಣ್ಣು ತೆರೆಯಲಿಲ್ಲ. ಒಂದು ಉದ್ದನೆಯ ಉಸಿರು ಎಳೆದುಕೊಂಡು, ಹೆಗಲ ಮೇಲೆ ತಲೆಯನ್ನು ಇನ್ನಷ್ಟು ಸರಿಯಾಗಿ ಇಟ್ಟುಕೊಂಡರು.

“ಕಾಡ್ಲಿ ಬಿಡಿ ತಾಯಿ,” ಎಂದರು. “ಅವನು ನಮ್ಮ ಅಳಿಯ.”